ಕೈ ಚಾಚದವರ ಸ್ವರಾಜ್ಯ

ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಪಾಲು ಬೇಕೆಂದು ಗಾಂಧೀಜಿಯವರೊಡನೆ ವಾದಕ್ಕಿಳಿದ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ. ಸ್ವಾತಂತ್ರ್ಯ ಬಂದ ಮೇಲೆ ಅವರು ನಡೆದದ್ದು ನಿರಾಶ್ರಿತರ ಶಿಬಿರಕ್ಕೆ, ನೇಕಾರರ ಕೇರಿಗೆ. ಅವರ ಬದುಕಿನ ಈ ಎರಡು ಭಾಗಗಳನ್ನು ಒಟ್ಟಿಗೆ ಓದಿದಾಗಲೇ ಅವರ ಹೋರಾಟ ಪೂರ್ತಿಯಾಗಿ ಕಾಣುತ್ತದೆ.

ಮಂಗಳೂರಿನ ಅನಂತಯ್ಯ ಧಾರೇಶ್ವರರು ಸರ್ಕಾರಿ ಸೇವೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಅವರು ತೀರಿಕೊಂಡಾಗ ಕಿರಿಯ ಮಗಳಿಗೆ ಏಳು ವರ್ಷ. ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನ ಪ್ರಕಾರ ಮನೆ, ಆಸ್ತಿ, ಒಡವೆ ವಸ್ತುಗಳೆಲ್ಲ ಮೊದಲ ಹೆಂಡತಿಯ ಮಗನ ಪಾಲಾದವು. ಎರಡನೆಯ ಹೆಂಡತಿ ಗಿರಿಜಾಬಾಯಿಗೆ ಉಳಿದದ್ದು ಆತ ತಿಂಗಳಿಗಿಷ್ಟು ಎಂದು ಕೊಡಬೇಕಾಗಿದ್ದ ಜೀವನಾಂಶ ಮಾತ್ರ. ಗಿರಿಜಾಬಾಯಿ ಅದನ್ನು ಬೇಡವೆಂದರು. ತವರಿನಿಂದ ಬಂದದ್ದರಲ್ಲಿಯೇ ಮಗಳನ್ನು ಸಾಕುತ್ತೇನೆ ಎಂದು ಆ ಮನೆಯಿಂದ ಹೊರಬಿದ್ದರು.

ಆ ಮಗಳು ಕಮಲಾದೇವಿ. ಹುಟ್ಟಿದ್ದು 1903ರ ಏಪ್ರಿಲ್ 3ರಂದು. ನಿನ್ನೆಯವರೆಗೆ ತಾಯಿ ಯಜಮಾನಿಯಾಗಿದ್ದ ಮನೆಯಲ್ಲಿ ಇವತ್ತು ಹಕ್ಕಿಲ್ಲದವಳಾಗಿ ನಿಂತದ್ದನ್ನು ಆಕೆ ಕಣ್ಣಾರೆ ಕಂಡಳು. ಎಂಬತ್ತು ದಾಟಿದ ಮೇಲೆ ಬರೆದ ಆತ್ಮಕಥೆಯಲ್ಲಿಯೂ ಈ ಪ್ರಸಂಗವನ್ನು ನೆನೆದಿದ್ದಾರೆ. ಹೆಣ್ಣಿನ ಸ್ವಾತಂತ್ರ್ಯಕ್ಕೂ ಆಕೆಯ ಕೈಯಲ್ಲಿರುವ ಸಂಪಾದನೆಗೂ ಇರುವ ನಂಟನ್ನು ಅವರು ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

ಅದೇ ಮಂಗಳೂರಿನ ಸುತ್ತ ಬಂಟರು ಮತ್ತಿತರ ಸಮುದಾಯಗಳಲ್ಲಿ ಅಳಿಯಸಂತಾನ ಕಟ್ಟಿನಂತೆ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿದು ಬರುತ್ತಿತ್ತು. ಪಕ್ಕದಲ್ಲೇ ಇದ್ದ, ಗಿರಿಜಾಬಾಯಿಯವರಂಥ ಸಾರಸ್ವತ ಮನೆಯ ವಿಧವೆಗೆ ಅಂಥ ಆಸರೆ ಇರಲಿಲ್ಲ. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆ ತಂದಾಗಲೂ ಅದು ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಹೆಂಗಸರನ್ನು ಮುಟ್ಟಲಿಲ್ಲ. ಯಾವ ಜಾತಿಯಲ್ಲಿ, ಯಾವ ಗಡಿಯ ಯಾವ ಬದಿಯಲ್ಲಿ ಹುಟ್ಟಿದಳು ಎನ್ನುವುದೇ ಹೆಣ್ಣಿನ ಹಣೆಬರಹವನ್ನು ತೀರ್ಮಾನಿಸುತ್ತಿದ್ದ ಕಾಲ ಅದು.

ಹದಿನಾಲ್ಕರ ಮದುವೆ, ವೈಧವ್ಯ

ಅಕ್ಕ ಸಗುಣಾ ಹದಿಹರೆಯದಲ್ಲಿ ಮದುವೆಯಾಗಿ, ಸ್ವಲ್ಪ ಕಾಲದಲ್ಲಿಯೇ ತೀರಿಕೊಂಡಳು. ಕಮಲಾದೇವಿಗೂ ಹದಿನಾಲ್ಕರಲ್ಲಿ, 1917ರಲ್ಲಿ ಮದುವೆಯಾಯಿತು. ಎರಡು ವರ್ಷ ಕಳೆಯುವುದರೊಳಗೆ ಗಂಡ ತೀರಿಕೊಂಡರು. ಆ ಕಾಲದ ಮೇಲ್ಜಾತಿಯ ಮನೆಯಲ್ಲಿ ಬಾಲವಿಧವೆಯ ಮುಂದಿನ ದಿನಗಳು ಹೇಗಿರುತ್ತಿದ್ದವು ಎನ್ನುವುದು ಕನ್ನಡಿಗರಿಗೆ ಗೊತ್ತು. ನಮ್ಮ ಮೊದಲ ತಲೆಮಾರಿನ ಕಾದಂಬರಿಗಳು ಆ ಸಂಕಟದಿಂದಲೇ ಹುಟ್ಟಿದವು.

ಗಿರಿಜಾಬಾಯಿ ಮಗಳನ್ನು ಹಿಂದಿನ ಕೋಣೆಗೆ ತಳ್ಳಲಿಲ್ಲ. ಪಂಡಿತಾ ರಮಾಬಾಯಿ, ರಮಾಬಾಯಿ ರಾನಡೆ, ಆನಿ ಬೆಸೆಂಟರ ವಿಚಾರಗಳನ್ನು ಮೆಚ್ಚಿಕೊಂಡಿದ್ದ ತಾಯಿ ಆಕೆ. ಊರಿನ ಗಾಳಿಯಲ್ಲಿಯೂ ಬದಲಾವಣೆಯ ಸುಳಿವಿತ್ತು. ಕುದ್ಮುಲ್ ರಂಗರಾಯರು ಸ್ವಜಾತಿಯವರ ಬಹಿಷ್ಕಾರ ಸಹಿಸಿಕೊಂಡು ದಲಿತ ಮಕ್ಕಳಿಗೆ ಶಾಲೆ ತೆರೆದಿದ್ದ ಊರು ಅದು. ಐರ್ಲೆಂಡಿನಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ಜೈಲು ಕಂಡು ಬಂದಿದ್ದ ಮಾರ್ಗರೆಟ್ ಕಸಿನ್ಸ್ 1919-20ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮೊದಲ ಮುಖ್ಯಸ್ಥೆಯಾಗಿದ್ದರು. ಮುಂದೆ ಕಮಲಾದೇವಿಯವರನ್ನು ಸಾರ್ವಜನಿಕ ಜೀವನದ ಕಡೆಗೆ ಒತ್ತಿ ಕಳಿಸಿದ ಕೈಗಳಲ್ಲಿ ಅವರದು ಮುಖ್ಯವಾದದ್ದು.

ಓದು ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಮುಂದುವರಿಯಿತು. ಅಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯ ಗೆಳೆತನವಾಯಿತು. ಆಕೆಯ ಮೂಲಕ ಅಣ್ಣ ಹರೀಂದ್ರನಾಥರ ಪರಿಚಯವಾಯಿತು. ಕವಿ, ನಾಟಕಕಾರ, ನಟರಾಗಿದ್ದ ಹರೀಂದ್ರನಾಥರನ್ನು ಕಮಲಾದೇವಿ ಮದುವೆಯಾದರು. ವಿಧವೆಯ ಮರುಮದುವೆ, ಅದರ ಮೇಲೆ ಬೇರೆ ಪ್ರಾಂತದವರೊಡನೆ. ಸಂಪ್ರದಾಯಸ್ಥರ ಆಕ್ರೋಶಕ್ಕೆ ತಾಯಿಯಾಗಲಿ ಮಗಳಾಗಲಿ ಬಗ್ಗಲಿಲ್ಲ. ಆ ದಾಂಪತ್ಯ ಕೊನೆಯವರೆಗೆ ಉಳಿಯಲಿಲ್ಲ. ಒಬ್ಬ ಮಗ ಹುಟ್ಟಿದ ಮೇಲೆ, ವರ್ಷಗಳು ಕಳೆದಂತೆ ಇಬ್ಬರ ದಾರಿ ಬೇರೆಯಾಯಿತು. ಆಗಲೂ ಅವರು ಊರಿನ ಬಾಯಿಗೆ ಹೆದರದೆ ಕಾನೂನಿನ ಮೂಲಕವೇ ಬೇರ್ಪಟ್ಟರು.

ಮದುವೆಯ ನಂತರ ಲಂಡನ್ನಿಗೆ ಹೋಗಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. ಅಸಹಕಾರ ಚಳವಳಿಯ ಸುದ್ದಿ ಅವರನ್ನು ಅಲ್ಲಿ ಹೆಚ್ಚು ದಿನ ಕೂರಗೊಡಲಿಲ್ಲ. ಇಪ್ಪತ್ತರ ಹೊತ್ತಿಗೆ ದೇಶಕ್ಕೆ ಮರಳಿ ಚಳವಳಿಗೆ ಧುಮುಕಿದರು.

ಹುಬ್ಬಳ್ಳಿಯ ದಳ, ಬೆಳಗಾವಿಯ ಅಧಿವೇಶನ

ಕನ್ನಡ ನಾಡಿನೊಂದಿಗೆ ಅವರ ರಾಜಕೀಯ ನಂಟು ಗಟ್ಟಿಯಾದದ್ದು ಸೇವಾದಳದಲ್ಲಿ. 1923ರ ಕಾಕಿನಾಡ ಕಾಂಗ್ರೆಸ್ಸಿನ ಹೊತ್ತಿಗೆ ಡಾ. ನಾ.ಸು. ಹರ್ಡೀಕರರು ಕಟ್ಟಿದ ಹಿಂದೂಸ್ತಾನಿ ಸೇವಾದಳಕ್ಕೆ ಹುಬ್ಬಳ್ಳಿಯೇ ಕೇಂದ್ರ. ಅಲ್ಲಿಯವರೆಗೆ ಕಾಂಗ್ರೆಸ್ ಎಂದರೆ ವಕೀಲರು, ಪ್ರಮುಖರು ಕೂಡಿ ಠರಾವು ಪಾಸು ಮಾಡುವ ಸಭೆ ಎಂಬ ಭಾವನೆ ಪೂರ್ತಿ ಹೋಗಿರಲಿಲ್ಲ. ಶಿಸ್ತು, ಕವಾಯತು, ದುಡಿಮೆ ಕಲಿತ ಕಾರ್ಯಕರ್ತರನ್ನು ಕೊಟ್ಟದ್ದು ಈ ದಳ. ಅದರ ಮಹಿಳಾ ವಿಭಾಗದ ಹೊಣೆ ಕಮಲಾದೇವಿಯವರ ಹೆಗಲಿಗೆ ಬಂತು.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನ ಅದು. ಅಲ್ಲಿ ಸ್ವಯಂಸೇವಕಿಯರ ಪಡೆಯನ್ನು ಮುನ್ನಡೆಸಿದವರು ಉಮಾಬಾಯಿ ಕುಂದಾಪುರ. ಅವರೂ ಕರಾವಳಿಯ ಮಗಳು, ಎಳೆವಯಸ್ಸಿನಲ್ಲಿ ವಿಧವೆಯಾದವರು, ಹುಬ್ಬಳ್ಳಿಯನ್ನು ಕರ್ಮಭೂಮಿ ಮಾಡಿಕೊಂಡವರು. ಸಮಾಜ ಅಪಶಕುನವೆಂದು ಬದಿಗಿಟ್ಟ ಹೆಂಗಸರು ರಾಷ್ಟ್ರೀಯ ಚಳವಳಿಯ ಮುಂಚೂಣಿಗೆ ಬಂದು ನಿಂತ ಬಗೆಯನ್ನು ನಮ್ಮ ಇತಿಹಾಸಕಾರರು ಇನ್ನೂ ಸಮಗ್ರವಾಗಿ ಬರೆಯಬೇಕಿದೆ.

ಮದ್ರಾಸ್ ಪ್ರಾಂತ 1921ರಲ್ಲಿಯೇ ಮಹಿಳೆಯರಿಗೆ ಮತದಾನದ ಹಕ್ಕು ಕೊಟ್ಟಿತ್ತು. ದೇಶದ ಪ್ರಾಂತಗಳಲ್ಲಿ ಈ ವಿಷಯದಲ್ಲಿ ಅದೇ ಮೊದಲು. ಆದರೆ ಆಸ್ತಿ, ತೆರಿಗೆಯ ಅರ್ಹತೆ ಇದ್ದವರಿಗೆ ಮಾತ್ರ ಓಟು. ಆಸ್ತಿ ಗಂಡಸಿನ ಹೆಸರಿನಲ್ಲಿರುವ ಸಮಾಜದಲ್ಲಿ ಎಷ್ಟು ಹೆಂಗಸರಿಗೆ ಈ ಹಕ್ಕು ದಕ್ಕಿರಬಹುದು ಎಂದು ಬಿಡಿಸಿ ಹೇಳಬೇಕಿಲ್ಲ. 1926ರಲ್ಲಿ ಮಹಿಳೆಯರು ಶಾಸನಸಭೆಗೆ ಸ್ಪರ್ಧಿಸಲೂಬಹುದು ಎಂದಾದಾಗ ಮಾರ್ಗರೆಟ್ ಕಸಿನ್ಸ್ ಪಟ್ಟು ಹಿಡಿದು ಕಮಲಾದೇವಿಯವರನ್ನು ಕಣಕ್ಕಿಳಿಸಿದರು. ಪ್ರಚಾರಕ್ಕೆ ಸಿಕ್ಕ ಕಾಲ ತೀರ ಕಡಿಮೆ. ಮತದಾರರಲ್ಲಿ ಬಹುಪಾಲು ಗಂಡಸರು. ಇಪ್ಪತ್ಮೂರರ ಹರೆಯದ ಅಭ್ಯರ್ಥಿ ಸಣ್ಣ ಅಂತರದಲ್ಲಿ ಸೋತರು. ದೇಶದಲ್ಲಿ ಶಾಸನಸಭೆಯ ಚುನಾವಣೆಗೆ ನಿಂತ ಮೊದಲ ಮಹಿಳೆಯರ ಸಾಲಿನಲ್ಲಿ ಅವರ ಹೆಸರು ಸೇರಿತು. ಮರುವರ್ಷವೇ ಡಾ. ಮುತ್ತುಲಕ್ಷ್ಮಿ ರೆಡ್ಡಿ ನಾಮಕರಣದ ಮೂಲಕ ಅದೇ ಮದ್ರಾಸ್ ಸಭೆಯ ಸದಸ್ಯೆಯಾದರು.

1927ರ ಜನವರಿಯಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಮೊದಲ ಬಾರಿ ಸೇರಿತು. ಕಮಲಾದೇವಿ ಅದರ ಸಂಘಟನಾ ಕಾರ್ಯದರ್ಶಿಯಾಗಿ ದೇಶ ಸುತ್ತಿದರು. ಹೆಣ್ಣುಮಕ್ಕಳ ಶಿಕ್ಷಣಕ್ಕೆಂದು ಹುಟ್ಟಿದ ಸಂಸ್ಥೆ ಬಹುಬೇಗ ಬಾಲ್ಯವಿವಾಹದ ಪ್ರಶ್ನೆಗೆ ಬಂತು. ಶಾಲೆಗೆ ಬರಬೇಕಾದ ಹುಡುಗಿ ಅತ್ತೆಯ ಮನೆಯಲ್ಲಿದ್ದರೆ ಶಾಲೆ ಕಟ್ಟಿ ಏನು ಪ್ರಯೋಜನ? 1929ರಲ್ಲಿ ಬಂದ ಶಾರದಾ ಕಾಯಿದೆ ಹುಡುಗಿಯ ಮದುವೆಗೆ ಕನಿಷ್ಠ ಹದಿನಾಲ್ಕು ವರ್ಷ ಎಂದು ಗೊತ್ತುಮಾಡಿತು. ಅದಕ್ಕಾಗಿ ಒತ್ತಾಯಿಸಿದವರಲ್ಲಿ ಈ ಸಮ್ಮೇಳನದ ಹೆಂಗಸರೂ ಇದ್ದರು. ಕಮಲಾದೇವಿಯವರ ಕೊರಳಿಗೆ ತಾಳಿ ಬಿದ್ದದ್ದೂ ಹದಿನಾಲ್ಕರಲ್ಲಿಯೇ.

ಉಪ್ಪಿಗಾಗಿ ವಾದ

1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟಾಗ ಜೊತೆಗೆ ಹೆಜ್ಜೆ ಹಾಕಿದವರು 78 ಮಂದಿ. ಅವರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಇದು ಮರೆವಿನಿಂದ ಆದದ್ದಲ್ಲ. ಹೆಂಗಸರನ್ನು ಮುಂದೆ ನಿಲ್ಲಿಸಿದರೆ ಪೊಲೀಸರು ಕೈ ಎತ್ತಲಾರರು, ಹಾಗೆ ಮಾಡಿದರೆ ನಾವು ಅವರ ಮರೆಯಲ್ಲಿ ಅಡಗಿದಂತಾಗುತ್ತದೆ ಎನ್ನುವುದು ಗಾಂಧೀಜಿಯ ನಿಲುವು. ಹೆಂಡದ ಅಂಗಡಿ, ವಿದೇಶಿ ಬಟ್ಟೆ ಅಂಗಡಿಗಳ ಮುಂದೆ ಪಿಕೆಟಿಂಗ್ ನಡೆಸುವುದು ಹೆಂಗಸರಿಗೆ ತಕ್ಕ ಕೆಲಸ ಎಂದು ಅವರು ಎಣಿಸಿದ್ದರು.

ಕಮಲಾದೇವಿಗೆ ಇದು ಒಪ್ಪಿಗೆಯಾಗಲಿಲ್ಲ. ಯಾತ್ರೆಯ ದಾರಿಯಲ್ಲಿಯೇ ಗಾಂಧೀಜಿಯನ್ನು ಕಂಡು ವಾದಿಸಿದರು. ಅವರೊಬ್ಬರೇ ಅಲ್ಲ, ದಾದಾಭಾಯಿ ನವರೋಜಿಯವರ ಮೊಮ್ಮಗಳು ಖುರ್ಷಿದ್‌ಬೆನ್, ಮಾರ್ಗರೆಟ್ ಕಸಿನ್ಸ್ ಕೂಡ ತಮ್ಮ ಅಸಮಾಧಾನ ತಿಳಿಸಿದರು. ಉಪ್ಪಿನ ಮಾತು ಬಂದಾಗ ಹೆಂಗಸರನ್ನು ಹೊರಗಿಡುವುದು ಹೇಗೆ? ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಗೆ ಕೈ ಹಾಕುವವಳು, ಸಂತೆಯಲ್ಲಿ ಅದರ ಬೆಲೆ ಕೇಳಿ ಲೆಕ್ಕ ಹಾಕುವವಳು ಅವಳೇ. ಸರ್ಕಾರ ಉಪ್ಪಿನ ಮೇಲೆ ತೆರಿಗೆ ಹಾಕಿದರೆ ಕೂಲಿಯವಳ ಗಂಜಿಯ ಮೇಲೂ ಹಾಕಿದಂತೆ. ಕೊನೆಗೆ ಉಪ್ಪಿನ ಸತ್ಯಾಗ್ರಹದ ಬಾಗಿಲು ಹೆಂಗಸರಿಗೂ ತೆರೆಯಿತು.

ಮುಂಬಯಿಯಲ್ಲಿ ಕಾನೂನು ಮುರಿಯಲು ಆಯ್ದ ಮೊದಲ ತಂಡದ ಏಳು ಜನರಲ್ಲಿ ಇಬ್ಬರು ಹೆಂಗಸರು: ಕಮಲಾದೇವಿ ಮತ್ತು ಅವಂತಿಕಾಬಾಯಿ ಗೋಖಲೆ. ಆಮೇಲೆ ಆದದ್ದು ಸಂಘಟಕರ ನಿರೀಕ್ಷೆಯನ್ನೂ ಮೀರಿತು. ಗುಜರಾತಿ, ಮರಾಠಿ ಮನೆಗಳ ಹೆಂಗಸರು ತಂಬಿಗೆ, ಬಿಂದಿಗೆ, ಮಡಕೆ ಹಿಡಿದು ಸಾವಿರಗಟ್ಟಲೆ ಕಡಲಿಗೆ ಬಂದರು. ಮನೆಯ ಒಲೆಗಳ ಮೇಲೆ ಸಮುದ್ರದ ನೀರು ಕುದಿಯಿತು. ಪೊಲೀಸರು ಒಂದು ಒಲೆ ಒಡೆದರೆ ಇನ್ನೊಂದು ಮನೆಯಲ್ಲಿ ಹೊಗೆ ಏಳುತ್ತಿತ್ತು. ಬೀದಿಗೆ ಇಳಿಯದಿದ್ದವರು ಬೀದಿಗೆ ಬಂದರು, ಪೊಲೀಸರ ಲಾಠಿಯನ್ನು ಹತ್ತಿರದಿಂದ ಕಂಡರು.

ಹೀಗೆ ತಯಾರಾದ ಉಪ್ಪನ್ನು ಕಮಲಾದೇವಿ ಪೊಟ್ಟಣ ಕಟ್ಟಿ ಷೇರು ಪೇಟೆಯಲ್ಲಿ ಮಾರಿದರು. ಹೈಕೋರ್ಟಿನ ಆವರಣಕ್ಕೂ ಹೋಗಿ, ನ್ಯಾಯಾಧೀಶರನ್ನೇ ಈ ಸ್ವಾತಂತ್ರ್ಯದ ಉಪ್ಪು ಕೊಳ್ಳುತ್ತೀರಾ ಎಂದು ಕೇಳಿದರು. ಅದೇ ವರ್ಷ ಜನವರಿ 26ರಂದು, ಪೂರ್ಣ ಸ್ವರಾಜ್ಯದ ಪ್ರತಿಜ್ಞೆಯ ದಿನ, ನೂಕುನುಗ್ಗಲಿನ ನಡುವೆ ತ್ರಿವರ್ಣ ಧ್ವಜವನ್ನು ಬಿಡದೆ ತಬ್ಬಿ ಹಿಡಿದ ಅವರ ಸುದ್ದಿ ದೇಶವೆಲ್ಲ ಹರಡಿತ್ತು. ಉಪ್ಪು ಮಾರಿದ ಅಪರಾಧಕ್ಕೆ ಬಂಧನವಾಯಿತು. ಸುಮಾರು ಒಂದು ವರ್ಷ ಸೆರೆವಾಸ. ಆಮೇಲೂ ಜೈಲಿನ ಬಾಗಿಲು ಅವರಿಗೆ ಹಲವು ಬಾರಿ ತೆರೆಯಿತು. ಮನೆಯಲ್ಲಿ ಎಳೆಯ ಮಗನನ್ನು ಬಿಟ್ಟು ಹೋದ ತಾಯಿ ಎಂಬ ಚುಚ್ಚು ಮಾತನ್ನೂ ಅವರು ಕೇಳಬೇಕಾಯಿತು. ಜೈಲಿಗೆ ಹೋದ ತಂದೆಯರನ್ನು ಯಾರೂ ಹಾಗೆ ಕೇಳಿದ್ದಿಲ್ಲ.

ಎರಡು ತಿಂಗಳ ಹಿಂದೆ ಹೆಂಗಸರಿಲ್ಲದೆ ಹೊರಟಿದ್ದ ಚಳವಳಿ, ಗಾಂಧೀಜಿಯ ಬಂಧನವಾದ ಮೇಲೆ ಧಾರಾಸನದ ಉಪ್ಪಿನ ಆಗರಕ್ಕೆ ಸರೋಜಿನಿ ನಾಯ್ಡು ಅವರ ಮುಂದಾಳತ್ವದಲ್ಲಿ ನಡೆಯಿತು. ಆ ಬದಲಾವಣೆ ತಾನಾಗಿ ಬಂದದ್ದಲ್ಲ. ಪ್ರೀತಿಸುವ ನಾಯಕನ ಮಾತನ್ನು ಎದುರಿಗೇ ಅಲ್ಲಗಳೆಯುವ ಧೈರ್ಯ ಕೆಲವು ಹೆಂಗಸರಿಗೆ ಇತ್ತು. ಗಾಂಧೀಜಿಯ ದೊಡ್ಡತನ ಆ ಮಾತಿಗೆ ಕಿವಿಗೊಟ್ಟದ್ದರಲ್ಲಿದೆ.

ಎಲ್ಲಿಂದ ಬಂದಿರಿ ಎಂದರೆ

1934ರಲ್ಲಿ ಜಯಪ್ರಕಾಶ ನಾರಾಯಣ, ಆಚಾರ್ಯ ನರೇಂದ್ರದೇವ ಮೊದಲಾದವರು ಕಾಂಗ್ರೆಸ್ ಸೋಷಲಿಸ್ಟ್ ಪಕ್ಷ ಕಟ್ಟಿದಾಗ ಕಮಲಾದೇವಿ ಅವರ ಜೊತೆಗಿದ್ದರು. 1936ರ ಮೀರತ್ ಸಮ್ಮೇಳನಕ್ಕೆ ಅವರೇ ಅಧ್ಯಕ್ಷೆ. ಬ್ರಿಟಿಷರ ಜಾಗದಲ್ಲಿ ದೇಶೀ ಧಣಿಗಳು ಬಂದು ಕುಳಿತರೆ ಗೇಣಿದಾರನಿಗೂ ಗಿರಣಿ ಕೂಲಿಗೂ ಏನು ಸಿಕ್ಕಿತು ಎಂದು ಕೇಳುತ್ತಿದ್ದ ಗುಂಪು ಅದು. ಕಮಲಾದೇವಿ ಆ ಪ್ರಶ್ನೆಗೆ ಇನ್ನೊಂದನ್ನು ಸೇರಿಸಿದರು: ಮನೆಯೊಳಗಿನ ದುಡಿಮೆಗೆ ಬೆಲೆ ಕಟ್ಟುವವರು ಯಾರು? ಹೆಂಗಸಿನ ಮನೆಗೆಲಸವೂ ದೇಶದ ಉತ್ಪಾದನೆಯ ಭಾಗ ಎಂದು ಅವರು ವಾದಿಸಿದ ಕಾಲದಲ್ಲಿ ಅದು ಅರ್ಥಶಾಸ್ತ್ರಜ್ಞರ ಕಿವಿಗೂ ಹೊಸ ಮಾತು. ಮಹಿಳೆಯರ ಹೋರಾಟವನ್ನು ಗಂಡಸರ ಮೇಲಿನ ಯುದ್ಧವೆಂದು ಅವರು ಎಂದೂ ಕಾಣಲಿಲ್ಲ. ಇಬ್ಬರನ್ನೂ ಕಟ್ಟಿಹಾಕಿದ ವ್ಯವಸ್ಥೆಯ ಕಡೆಗೆ ಬೆರಳು ತೋರಿಸಿದರು.

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಅವರು ವಿದೇಶದಲ್ಲಿದ್ದರು. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ಊರೂರು ತಿರುಗಿ ಭಾರತದ ಪರವಾಗಿ ಮಾತನಾಡಿದರು. ಜಪಾನ್, ಚೀನಾಗಳನ್ನೂ ಕಂಡು ಬರೆದರು. ಆ ಪ್ರವಾಸದಲ್ಲಿ ನಡೆದ ಒಂದು ಘಟನೆ ಅವರ ವ್ಯಕ್ತಿತ್ವವನ್ನು ತೆರೆದು ತೋರಿಸುತ್ತದೆ. ಕಪ್ಪು ಜನರಿಗೆ ಬೇರೆ ಡಬ್ಬಿ, ಬಿಳಿಯರಿಗೆ ಬೇರೆ ಡಬ್ಬಿ ಎಂಬ ಕಾನೂನಿದ್ದ ಅಮೆರಿಕದ ದಕ್ಷಿಣದಲ್ಲಿ, ಲೂಸಿಯಾನಾದ ರೈಲಿನಲ್ಲಿ ಅವರು ಬಿಳಿಯರ ಡಬ್ಬಿಯಲ್ಲಿ ಕುಳಿತಿದ್ದರು. ಟಿಕೆಟ್ ಕಲೆಕ್ಟರ್ ಬಂದು ಎದ್ದು ಹೋಗಲು ಹೇಳಿದ. ಅವರು ಏಳಲಿಲ್ಲ. ಈಕೆ ಹೊರದೇಶದವರಿರಬಹುದು ಎಂದು ಅನುಮಾನ ಬಂದು ಯಾವ ದೇಶ ಎಂದು ಕೇಳಿದ. ಭಾರತ ಎಂದಿದ್ದರೆ ವಿದೇಶಿ ಅತಿಥಿಯೆಂದು ವಿನಾಯಿತಿ ಸಿಗುತ್ತಿತ್ತೇನೋ. ಕಮಲಾದೇವಿ ಆ ದಾರಿ ಹಿಡಿಯಲಿಲ್ಲ. ಯಾವ ದೇಶವಾದರೆ ಏನು, ನಾನು ಬಿಳಿಯಳಲ್ಲ ಎಂಬುದು ಕಾಣುತ್ತಿದೆ, ಇಲ್ಲಿಂದ ಏಳುವುದಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಆತ ಹಿಂದಿರುಗಿದ. ರೋಸಾ ಪಾರ್ಕ್ಸ್ ಮಾಂಟ್‌ಗೊಮರಿಯ ಬಸ್ಸಿನಲ್ಲಿ ಸೀಟು ಬಿಡಲು ಒಪ್ಪದೆ ಕುಳಿತದ್ದು 1955ರಲ್ಲಿ; ಅದಕ್ಕಿಂತ ಹತ್ತು ವರ್ಷಕ್ಕೂ ಹಿಂದಿನ ಮಾತು ಇದು.

ತನಗೊಬ್ಬಳಿಗೆ ಸಿಗಬಹುದಾದ ರಿಯಾಯಿತಿಯನ್ನು ಬಿಟ್ಟು, ಅವಮಾನಕ್ಕೊಳಗಾದವರ ಸಾಲಿನಲ್ಲಿ ನಿಲ್ಲುವುದನ್ನು ಅವರು ಆಯ್ದುಕೊಂಡರು. ಅವರ ಇಡೀ ರಾಜಕಾರಣ ಈ ಆಯ್ಕೆಯ ಮೇಲೆ ನಿಂತಿದೆ.

ದೇಶಕ್ಕೆ ಮರಳಿದ ಮೇಲೆ ಕ್ವಿಟ್ ಇಂಡಿಯಾ ಚಳವಳಿ, ಮತ್ತೆ ಜೈಲು. 1944ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನದ ಅಧ್ಯಕ್ಷೆಯಾದರು. ಆ ದಶಕದ ನಡುವೆ ಸಮ್ಮೇಳನ ರೂಪಿಸಿದ ಮಹಿಳಾ ಹಕ್ಕುಗಳ ಸನ್ನದಿನಲ್ಲಿ ಸಮಾನ ಕೂಲಿ, ಆಸ್ತಿ, ಶಿಕ್ಷಣದ ಬೇಡಿಕೆಗಳಿದ್ದವು. ಅವುಗಳಲ್ಲಿ ಕೆಲವು ಕಾನೂನಾಗಲು ದಶಕಗಳು ಹಿಡಿದವು. ಹಿಂದೂ ಉತ್ತರಾಧಿಕಾರ ಕಾಯಿದೆ 1956ರಲ್ಲಿ ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಎಂದು ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ಒಪ್ಪಿದವು.

ಹಂಗಿಲ್ಲದ ಊರು

1947ರ ಆಗಸ್ಟ್ ಬಂತು. ಜೊತೆಗಾರರಲ್ಲಿ ಹಲವರು ಮಂತ್ರಿಗಳಾದರು, ರಾಯಭಾರಿಗಳಾದರು. ಕಮಲಾದೇವಿ ಅಧಿಕಾರದ ರಾಜಕಾರಣದಿಂದ ಹಿಂದೆ ಸರಿದರು. ದೇಶ ವಿಭಜನೆಯಾಗಿ ದೆಹಲಿಯ ಸುತ್ತ ಡೇರೆಗಳಲ್ಲಿ ಲಕ್ಷಾಂತರ ಜನ ಬಂದು ಬಿದ್ದಿದ್ದರು. ಮನೆ, ಜಮೀನು, ಅಂಗಡಿ, ಬಂಧುಗಳನ್ನು ಕಳೆದುಕೊಂಡವರು. ಅವರಿಗೆ ಅನ್ನ, ಬಟ್ಟೆ ಕೊಡುವ ಕೆಲಸ ಸರ್ಕಾರದಿಂದ ನಡೆಯುತ್ತಿತ್ತು. ಹಾಗೆ ಕೈ ಚಾಚಿ ಕುಳಿತವರು ಎಷ್ಟು ದಿನ ಹಾಗೆಯೇ ಕೂರಬೇಕು ಎನ್ನುವುದು ಕಮಲಾದೇವಿಯವರ ಚಿಂತೆ.

ಸಹಕಾರ ತತ್ವದ ಮೇಲೆ ನಿರಾಶ್ರಿತರೇ ತಮ್ಮ ಊರು ಕಟ್ಟಿಕೊಳ್ಳಲಿ ಎಂಬ ಯೋಜನೆಯನ್ನು ಅವರು ಗಾಂಧೀಜಿಯ ಮುಂದಿಟ್ಟರು. ಸರ್ಕಾರದ ನೆರವು ಕೇಳಕೂಡದು ಎಂಬ ಷರತ್ತಿನ ಮೇಲೆ ಗಾಂಧೀಜಿ ಹರಸಿದರು. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಹುಟ್ಟಿತು. ದೆಹಲಿಯ ಬಳಿಯ ಛತ್ತರ್‌ಪುರದಲ್ಲಿ ನಿರಾಶ್ರಿತರ ಸಹಕಾರಿ ಬೇಸಾಯ ಆರಂಭವಾಯಿತು. ಮುಂದೆ ವಾಯವ್ಯ ಗಡಿನಾಡಿನಿಂದ ಬಂದ ಸಾವಿರಾರು ಜನರಿಗಾಗಿ ಫರೀದಾಬಾದಿನಲ್ಲಿ ಹೊಸ ಊರು ಎದ್ದಿತು. ಅದರ ಅಭಿವೃದ್ಧಿ ಮಂಡಳಿಗೆ ರಾಜೇಂದ್ರ ಪ್ರಸಾದರು ಅಧ್ಯಕ್ಷರು, ಕಮಲಾದೇವಿ ಸದಸ್ಯೆ. ಕಂಟ್ರಾಕ್ಟರರಿಗೆ ಕೆಲಸ ಕೊಟ್ಟು ನಿರಾಶ್ರಿತರನ್ನು ಅವರ ಬಳಿ ಕೂಲಿಗೆ ಹಚ್ಚುವ ಬದಲು, ನಿರಾಶ್ರಿತರ ಸಹಕಾರ ಸಂಘಗಳಿಗೇ ಮನೆ ಕಟ್ಟುವ ಕೆಲಸ ಸಿಕ್ಕಿತು. ಇಟ್ಟಿಗೆ ಹಿಡಿದು ಗೊತ್ತಿಲ್ಲದಿದ್ದ ವರ್ತಕರು ಗಾರೆ ಕೆಲಸ ಕಲಿತರು. ತಾವು ಕಟ್ಟಿದ ಮನೆಗಳಲ್ಲಿ ತಾವೇ ವಾಸಕ್ಕೆ ಬಂದರು. ಯೂನಿಯನ್ನಿನಲ್ಲಿ ಕಮಲಾದೇವಿಯವರ ಬಲಗೈಯಂತಿದ್ದ ಎಲ್.ಸಿ. ಜೈನ್ ಈ ಪ್ರಯೋಗದ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಈ ಪ್ರಯೋಗ ಕೊನೆಯವರೆಗೆ ಅದೇ ಹುರುಪಿನಲ್ಲಿ ನಡೆಯಲಿಲ್ಲ. ಕಡತಗಳ ಆಡಳಿತ ನಿಧಾನವಾಗಿ ಜನರ ಕೈಯಿಂದ ನಿರ್ಧಾರದ ಅಧಿಕಾರವನ್ನು ಕಿತ್ತುಕೊಂಡಿತು. ಫರೀದಾಬಾದ್ ದೊಡ್ಡ ಕೈಗಾರಿಕಾ ನಗರವಾಗಿ ಬೆಳೆಯಿತು; ಅದರ ಬುನಾದಿಯಲ್ಲಿದ್ದ ಸಹಕಾರದ ಕನಸು ಮಸುಕಾಯಿತು. ಆದರೂ ಸರ್ವಸ್ವ ಕಳೆದುಕೊಂಡವರಿಗೆ ಕೆಲಸವನ್ನೂ ಹೊಣೆಯನ್ನೂ ಒಟ್ಟಿಗೆ ಕೊಟ್ಟರೆ ಅವರು ಊರನ್ನೇ ಕಟ್ಟಬಲ್ಲರು ಎಂಬುದು ಅಲ್ಲಿ ಸಾಬೀತಾಯಿತು. ಪ್ರವಾಹವೋ ಅಣೆಕಟ್ಟೋ ಜನರನ್ನು ಎತ್ತಂಗಡಿ ಮಾಡಿದಾಗಲೆಲ್ಲ ಪುನರ್ವಸತಿ ಎಂದರೆ ಪರಿಹಾರದ ಚೆಕ್ಕು ಎಂದಷ್ಟೇ ತಿಳಿಯುವ ನಮ್ಮ ಅಧಿಕಾರಿಗಳು ಈ ಅಧ್ಯಾಯವನ್ನು ಓದಬೇಕು.

ಕುಶಲಕರ್ಮಿಯ ಕೂಲಿ

ಶಿಬಿರಗಳ ಜನರಿಗೆ ದುಡಿಮೆ ಬೇಕಿತ್ತು. ಅವರಲ್ಲಿ ಹಲವರಿಗೆ ಕಸೂತಿ, ನೇಯ್ಗೆ, ಮರಗೆಲಸ ಗೊತ್ತಿತ್ತು. ಅವರು ಮಾಡಿದ್ದನ್ನು ಮಾರುವ ಜಾಗ ಬೇಕಿತ್ತು. ಕರಕುಶಲ ಕಲೆಯ ವಿಷಯದಲ್ಲಿ ಕಮಲಾದೇವಿಯವರ ಮುಂದಿನ ಕೆಲಸ ಈ ಒತ್ತಡದಿಂದಲೇ ಬೆಳೆಯಿತು. ದೆಹಲಿಯ ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ನಡೆಸುವ ಹೊಣೆಯನ್ನು 1952ರಲ್ಲಿ ಅವರ ಸಹಕಾರಿ ಯೂನಿಯನ್ ವಹಿಸಿಕೊಂಡಿತು. ಅದೇ ವರ್ಷ ಹುಟ್ಟಿದ ಅಖಿಲ ಭಾರತ ಕರಕುಶಲ ಮಂಡಳಿಗೆ ಅವರು ಅಧ್ಯಕ್ಷೆಯಾದರು. ಸುಮಾರು ಎರಡು ದಶಕ ಆ ಕೆಲಸ ಮಾಡಿದರು.

ಆ ಹೊತ್ತಿನ ಚಿತ್ರ ಆಶಾದಾಯಕವಾಗಿರಲಿಲ್ಲ. ನೂರೈವತ್ತು ವರ್ಷಗಳ ಗಿರಣಿ ಬಟ್ಟೆಯ ದಾಳಿಯಿಂದ ಮಗ್ಗಗಳು ಸೊರಗಿದ್ದವು. ರಾಜಮನೆತನಗಳ ಆಶ್ರಯ ಹೋಗಿತ್ತು. ನೂಲು, ಬಣ್ಣಗಳಿಗೆ ಸಾಲ ಕೊಟ್ಟ ದಲ್ಲಾಳಿ ಸರಕನ್ನೆಲ್ಲ ತಾನು ಹೇಳಿದ ಬೆಲೆಗೆ ಒಯ್ಯುತ್ತಿದ್ದ. ಹೊಸ ಸರ್ಕಾರದ ಯೋಜನೆಗಳ ಕಣ್ಣು ಉಕ್ಕು, ಅಣೆಕಟ್ಟು, ಭಾರಿ ಯಂತ್ರಗಳ ಮೇಲಿತ್ತು. ಕುಂಬಾರ, ಕಮ್ಮಾರ, ನೇಕಾರರು ಹಳೆಯ ಕಾಲದ ಉಳಿಕೆಗಳು, ಇಂದಲ್ಲ ನಾಳೆ ಕಾರ್ಖಾನೆ ಸೇರುವವರು ಎಂಬ ನಂಬಿಕೆ ಬೇರೂರಿತ್ತು.

ಕಮಲಾದೇವಿ ಇದಕ್ಕೆ ಭಾವುಕತೆಯಿಂದ ಉತ್ತರಿಸಲಿಲ್ಲ, ಕೆಲಸದಿಂದ ಉತ್ತರಿಸಿದರು. ಹಳ್ಳಿಹಳ್ಳಿ ತಿರುಗಿ ಯಾವ ಕಸುಬು ಎಲ್ಲಿ ಉಳಿದಿದೆ, ಬಲ್ಲವರು ಎಷ್ಟು ಮಂದಿ ಎಂದು ಹುಡುಕಿದರು. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಬಿದಿರ ಲೇಖನಿಯಿಂದ ಬಟ್ಟೆಯ ಮೇಲೆ ಪುರಾಣ ಕಥೆಗಳನ್ನು ಬಿಡಿಸುವ ಕಲಂಕಾರಿ ಬಲ್ಲವರು ಬೆರಳೆಣಿಕೆಗೆ ಇಳಿದಿದ್ದಾಗ, 1950ರ ದಶಕದಲ್ಲಿ ಅಲ್ಲಿ ತರಬೇತಿ ಕೇಂದ್ರ ತೆರೆಯಿಸಿದರು. ಇಂದು ಕಾಳಹಸ್ತಿಯಲ್ಲಿ ಆ ಕಲೆಯಿಂದ ಬದುಕುವ ಕುಟುಂಬಗಳಿಗೆ ಆ ಕೇಂದ್ರವೇ ಮೂಲ. ಜೈಪುರದ ನೀಲಿ ಬಣ್ಣದ ಪಾತ್ರೆಗಳು ಕೃಪಾಲ್ ಸಿಂಗ್ ಶೆಖಾವತರ ಕೈಯಲ್ಲಿ ಮರುಹುಟ್ಟು ಪಡೆದದ್ದರ ಹಿಂದೆಯೂ ಕಮಲಾದೇವಿಯವರ ಒತ್ತಾಸೆಯಿತ್ತು. ಮಂಡಳಿಯ ಪ್ರಾದೇಶಿಕ ವಿನ್ಯಾಸ ಕೇಂದ್ರಗಳಲ್ಲಿ ಒಂದು ಬೆಂಗಳೂರಿಗೆ ಬಂತು. ನುರಿತ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿಗೂ ಅವರ ಕಾಲದಲ್ಲಿಯೇ ಚಾಲನೆ ಸಿಕ್ಕಿತು. ತಲೆ ತಗ್ಗಿಸಿ ದುಡಿಯುತ್ತಿದ್ದ ಕುಂಬಾರನೊಬ್ಬ ರಾಷ್ಟ್ರಪತಿಯವರ ಕೈಯಿಂದ ಗೌರವ ಪಡೆಯುವುದು ಜಾತಿಯ ಲೆಕ್ಕದಲ್ಲಿ ಕೆಲಸಗಳನ್ನು ಅಳೆಯುವ ನಮ್ಮ ಸಮಾಜದಲ್ಲಿ ಸಣ್ಣ ಸಂಗತಿಯಲ್ಲ.

1964ರಲ್ಲಿ ಭಾರತದ ಕರಕುಶಲ ಪರಿಷತ್ತು ಮತ್ತು ವಿಶ್ವ ಕರಕುಶಲ ಪರಿಷತ್ತುಗಳ ಸ್ಥಾಪನೆಯಲ್ಲಿ ಅವರು ಮುಂದಿದ್ದರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1955ರಲ್ಲಿ ಪದ್ಮಭೂಷಣ, 1987ರಲ್ಲಿ ಪದ್ಮವಿಭೂಷಣ ಬಂದವು.

ರಂಗಭೂಮಿಯೂ ಅವರ ಹೋರಾಟದ ಕಣವೇ. ಮನೆತನಸ್ಥ ಹೆಂಗಸರು ಬಣ್ಣ ಹಚ್ಚುವುದನ್ನು ಅವಮಾನವೆಂದು ತಿಳಿಯುತ್ತಿದ್ದ ಕಾಲದಲ್ಲಿ ಅವರು ವೇದಿಕೆ ಹತ್ತಿದರು. ಮೋಹನ್ ಭವನಾನಿ ನಿರ್ದೇಶಿಸಿದ 1931ರ ಮೂಕಿ ಚಿತ್ರ ‘ಮೃಚ್ಛಕಟಿಕ’ದಲ್ಲಿ ಅಭಿನಯಿಸಿದರು. ಸ್ವಾತಂತ್ರ್ಯದ ನಂತರ ಅವರು ಮುನ್ನಡೆಸಿದ ಭಾರತೀಯ ನಾಟ್ಯ ಸಂಘ ದೆಹಲಿಯಲ್ಲಿ ಏಷ್ಯನ್ ಥಿಯೇಟರ್ ಇನ್‌ಸ್ಟಿಟ್ಯೂಟ್ ತೆರೆಯಿತು. ಮುಂದೆ ಅದು ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಸೇರಿಕೊಂಡಿತು. ಬಿ.ವಿ. ಕಾರಂತರು ಕಲಿತದ್ದೂ, ನಂತರ ನಿರ್ದೇಶಕರಾಗಿ ನಡೆಸಿದ್ದೂ ಆ ಶಾಲೆಯನ್ನೇ. ಆಧುನಿಕ ಕನ್ನಡ ರಂಗಭೂಮಿಯ ಒಂದು ಬೇರು ಹೀಗೆ ಕಮಲಾದೇವಿಯವರ ಕೆಲಸವನ್ನು ಮುಟ್ಟುತ್ತದೆ. ನೃತ್ಯಗಾರ್ತಿ ಮಾಯಾ ರಾವ್ ಅವರ ನಾಟ್ಯ ಇನ್‌ಸ್ಟಿಟ್ಯೂಟ್ ಕೂಡ ನಾಟ್ಯ ಸಂಘದ ಆಸರೆಯಲ್ಲಿ ದೆಹಲಿಯಲ್ಲಿ ಆರಂಭವಾಗಿ, ಮುಂದೆ ಬೆಂಗಳೂರಿಗೆ ಬಂತು.

1988ರ ಅಕ್ಟೋಬರ್ 29ರಂದು, ಎಂಬತ್ತೈದರ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ನಾವು ಉಳಿಸಿಕೊಂಡ ಬಾಕಿ

ಕಮಲಾದೇವಿಯವರನ್ನು ಕರಕುಶಲ ಕಲೆಯ ತಾಯಿ ಎಂದು ಕರೆದು ಕೈಮುಗಿಯುವುದು ಸುಲಭ. ಹಾಗೆ ಮಾಡಿದರೆ ಅವರ ರಾಜಕಾರಣ ಮರೆಯಾಗುತ್ತದೆ. ಕುಶಲಕರ್ಮಿಯ ಪರವಾಗಿ ಅವರು ಕೇಳಿದ್ದು ಮೆಚ್ಚುಗೆಯನ್ನಷ್ಟೇ ಅಲ್ಲ, ನ್ಯಾಯವಾದ ಕೂಲಿ ಮತ್ತು ತನ್ನ ದುಡಿಮೆಯ ಮೇಲೆ ತನಗೇ ಹಿಡಿತ. ಎಂಪೋರಿಯಂಗಳ ಸಾಮಾನು ಉಳ್ಳವರ ದಿವಾನಖಾನೆಯ ಅಲಂಕಾರವಾಯಿತು, ಮಾಡಿದವನ ಮನೆಯ ಬಡತನ ಹಾಗೆಯೇ ಉಳಿಯಿತು ಎಂಬ ಟೀಕೆಯಿದೆ. ಅದರಲ್ಲಿ ಹುರುಳಿದೆ. ಆದರೆ ಆ ಸೋಲು ಅವರ ಕಾಣ್ಕೆಯದಲ್ಲ. ಸಹಕಾರ ಸಂಘವನ್ನು ಇಲಾಖೆಯನ್ನಾಗಿ, ಕುಶಲಕರ್ಮಿಯನ್ನು ಫಲಾನುಭವಿಯನ್ನಾಗಿ ಮಾಡಿದವರದು. ಗಂಡನ ಮನೆಯ ಜೀವನಾಂಶ ಬೇಡವೆಂದ ತಾಯಿ, ಸರ್ಕಾರದ ಅನ್ನಕ್ಕೆ ಸಾಲು ನಿಲ್ಲದೆ ಊರು ಕಟ್ಟಿದ ನಿರಾಶ್ರಿತರು, ದಲ್ಲಾಳಿಯ ಸಾಲದಿಂದ ಬಿಡಿಸಿಕೊಂಡ ನೇಕಾರ ಇವರೆಲ್ಲರ ಬದುಕಿನಲ್ಲಿ ಅವರು ಕಂಡ ಸ್ವರಾಜ್ಯ ಒಂದೇ: ಯಾರ ಮುಂದೆಯೂ ಕೈ ಚಾಚದೆ ದುಡಿದು ಬದುಕುವ ಸ್ಥಿತಿ.

ಕನ್ನಡ ನಾಡು ಅವರನ್ನು ನೆನೆಯುವುದು ಕಡಿಮೆ. ಚಟ್ಟೋಪಾಧ್ಯಾಯ ಎಂಬ ಹೆಸರು ಕೇಳಿ ಬಂಗಾಳಿ ಎಂದುಕೊಳ್ಳುವವರು ನಮ್ಮಲ್ಲೇ ಇದ್ದಾರೆ. ಉಮಾಬಾಯಿ ಕುಂದಾಪುರ, ಯಶೋಧರಾ ದಾಸಪ್ಪ, ಬಳ್ಳಾರಿ ಸಿದ್ದಮ್ಮ, ಕೃಷ್ಣಾಬಾಯಿ ಪಣಜೀಕರ್ ಅವರ ಪಾಡೂ ಹೆಚ್ಚು ಬೇರೆಯಲ್ಲ; ಪಠ್ಯಪುಸ್ತಕದಲ್ಲಿ ಒಂದು ಸಾಲು, ಆಗಸ್ಟ್ ತಿಂಗಳ ಭಾಷಣದಲ್ಲಿ ಒಂದು ಹೆಸರು. ಶಾಲೆಯ ಮಕ್ಕಳಿಗೆ ಇವರ ಬದುಕನ್ನು ಪೂರ್ತಿಯಾಗಿ ಹೇಳಿಕೊಡಬೇಕು. ದಂಡಿಯ ದಾರಿಯಲ್ಲಿ ಗಾಂಧೀಜಿಯನ್ನು ಗೌರವದಿಂದಲೇ ಪ್ರಶ್ನಿಸಿದ ಹುಡುಗಿಯೊಬ್ಬಳು ನಮ್ಮ ಕರಾವಳಿಯವಳು ಎಂದು ಹೆಣ್ಣುಮಕ್ಕಳಿಗೆ ತಿಳಿಯಬೇಕು.

ಓದುಗರಿಂದಲೂ ಆಗುವ ಕೆಲಸವಿದೆ. ಇಳಕಲ್ಲಿನ ಸೀರೆಯನ್ನೋ ಚನ್ನಪಟ್ಟಣದ ಗೊಂಬೆಯನ್ನೋ ಬಿದರಿಯ ಹೂದಾನಿಯನ್ನೋ ಕೊಳ್ಳುವಾಗ ಚೌಕಾಸಿ ಮಾಡಬೇಡಿ. ಸಾಧ್ಯವಾದರೆ ಮಾಡಿದವರಿಂದಲೇ, ಇಲ್ಲವೇ ಅವರ ಸಹಕಾರ ಸಂಘದಿಂದ ಕೊಳ್ಳಿ. ಅದನ್ನು ಮಾಡಲು ಎಷ್ಟು ದಿನ ಹಿಡಿಯಿತು, ಅವರ ಕೈಗೆ ಎಷ್ಟು ಸೇರುತ್ತದೆ ಎಂದು ಕೇಳಿ. ಕಮಲಾದೇವಿ ತಮ್ಮ ಜೀವನದ ಅರ್ಧವನ್ನು ಈ ಪ್ರಶ್ನೆಗೆ ಕೊಟ್ಟರು. ಅದಕ್ಕೆ ನ್ಯಾಯವಾದ ಉತ್ತರ ಸಿಗುವವರೆಗೆ ಅವರು ಆರಂಭಿಸಿದ ಹೋರಾಟ ಮುಗಿದಿಲ್ಲ. ಅದನ್ನು ಮುಂದುವರಿಸುವ ಹೊಣೆ ನಮ್ಮದು.